ಎಡಗಿವಿಗೆ ಮಾತ್ರ ಕೇಳುವ ಭಾಗವತರು

ತೀರ್ಥಹಳ್ಳಿಯ ತಾಳಮದ್ದಳೆ ಶೂಟ್ ಮಾಡಿದ್ದೀರಿ, ಕಾಲರ್ ಮೈಕಿನ ದನಿ ಎಡಗಿವಿಗೆ ಮಾತ್ರ ಬರ್ತಿದೆ, ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸರಿ ಮಾಡಿ 5.1 (ಸುತ್ತಲಿಂದ ಕೇಳುವ ಆರು ಚಾನೆಲ್ಲಿನ ಸರೌಂಡ್ ಸೌಂಡ್) ಮಾಡಬಹುದಾ ಅಂತ ಕೇಳಿದ್ದೀರಿ. ರೆಕಾರ್ಡಿಂಗ್ ಹಾಳಾಗಿಲ್ಲ, ಹೆದರಬೇಡಿ. ಮೈಕ್ ಮೋನೊ, ಅಂದರೆ ಒಂದೇ ಚಾನೆಲ್ಲಿನದು; ಕ್ಯಾಮೆರಾ ಅದನ್ನು ಸ್ಟೀರಿಯೊ ಫೈಲಿನ ಎಡ-ಬಲ ಎರಡು ಚಾನೆಲ್ಲಿನಲ್ಲಿ ಎಡದ್ದಕ್ಕೆ ಮಾತ್ರ ಬರೆದಿದೆ, ಅಷ್ಟೇ.

ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಕ್ಲಿಪ್ ಆಟ್ರಿಬ್ಯೂಟ್ಸ್‌ಗೆ ಹೋಗಿ. ಆಡಿಯೊ ಟ್ಯಾಬಿನಲ್ಲಿ ಫಾರ್ಮ್ಯಾಟ್ ಸ್ಟೀರಿಯೊ ಅಂತಲೇ ಇರಲಿ. ಬಲ ಚಾನೆಲ್ಲಿಗೂ ಎಂಬೆಡೆಡ್ ಚಾನೆಲ್ 1 (ದನಿ ಇರುವ ಎಡ ಚಾನೆಲ್) ಆರಿಸಿ. ಟೈಮ್‌ಲೈನಿಗೆ ಎಳೆಯುವ ಮೊದಲೇ ಇದನ್ನು ಮುಗಿಸಿ. ಪ್ರೀಮಿಯರ್ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ 'ಫಿಲ್ ರೈಟ್ ವಿತ್ ಲೆಫ್ಟ್' ಅನ್ನೋ ಎಫೆಕ್ಟೇ ಇದೆ.

ಎರಡೂ ಚಾನೆಲ್ ಕೂಡಿಸಿ ಮೋನೊ ಮಾಡುವ ಮುಂಚೆ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಸಾಗರದ ಒಂದು ಮದುವೆಯಲ್ಲಿ ನಾನು ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್ಟನ್ನು (ಒಂದೇ ದನಿಯನ್ನು ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಕಳಿಸುವಂಥದ್ದು) ನೇರವಾಗಿ ಕ್ಯಾಮೆರಾದ ಸ್ಟೀರಿಯೊ ಸಾಕೆಟ್ಟಿಗೆ ಚುಚ್ಚಿದ್ದೆ. ಹೆಡ್‌ಫೋನಿನಲ್ಲಿ ಎರಡೂ ಕಡೆ ಚೆನ್ನಾಗಿತ್ತು. ಮನೆಗೆ ಬಂದು ಒಂದೇ ಸ್ಪೀಕರಿನ ಫೋನಿನಲ್ಲಿ ಹಾಕಿದರೆ ಮಂತ್ರವೂ ಇಲ್ಲ, ವಾಲಗವೂ ಇಲ್ಲ! ಬಲ ಚಾನೆಲ್ ಎಡದ್ದರ ತಲೆಕೆಳಗು ಅಲೆ. ಕೂಡಿಸಿದರೆ ಒಂದನ್ನೊಂದು ನುಂಗಿ ಸೊನ್ನೆ. ಆಗಲೂ ಒಂದೇ ಚಾನೆಲ್ ಇಟ್ಟುಕೊಳ್ಳುವುದೇ ಮದ್ದು.

5.1 ಬೇಕಾ? ನಿಮ್ಮ ವಿಡಿಯೊ ನೋಡೋರು ಜಾಸ್ತಿ ಫೋನಿನಲ್ಲೇ ಅಲ್ವಾ. ಒಂದು ಮೈಕಿನ ದನಿಯನ್ನು ಆರು ಚಾನೆಲ್ಲಿಗೆ ಹರಡಿದರೆ ಸುಮ್ನೆ ಫೈಲ್ ದಪ್ಪ ಆಗುತ್ತೆ. ಮಾಡಲೇಬೇಕು ಅಂದರೆ ಮಾತು ಸೆಂಟರಿನಲ್ಲಿರಲಿ. ತಗಡಿನ ಮೇಲಿನ ಮಳೆ ಸದ್ದು ಬೇರೆ ರೆಕಾರ್ಡ್ ಮಾಡಿದ್ದರೆ ಅದನ್ನು ಹಿಂದಿನ ಸ್ಪೀಕರುಗಳಿಗೆ ಕೊಡಿ.