ಉಪ್ಪು ತಾಗಿದ ಬೆಳೆಯೊಳಗೆ ಜೀನ್‌ಗಳ ಕೆಲಸ

ಪ್ರಶ್ನೆ: ಚೌಳು ನೆಲದಲ್ಲಿ ತೇವವಿದ್ದರೂ ಬೆಳೆ ಬಾಡುತ್ತದೆ. ಉಪ್ಪಿನಿಂದ ಸಸ್ಯದ ಜೀನ್‌ಗಳೇ ಬದಲಾಗುತ್ತವೆಯೇ? ಎಲೆಯಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವ ತಳಿಯೇ ಉಪ್ಪನ್ನು ತಾಳುವ ತಳಿ ಎನ್ನಬಹುದೇ?

ಉತ್ತರ: ಜೀನ್‌ಗಳು ಬದಲಾಗುವುದಿಲ್ಲ, ಯಾವ ಜೀನ್ ಎಷ್ಟು ದುಡಿಯಬೇಕೆಂಬುದು ಬದಲಾಗುತ್ತದೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದನ್ನು ಹೀರಿಕೊಳ್ಳುವುದು ಬೇರಿಗೆ ಕಷ್ಟವಾಗುವುದರಿಂದ, ಬುಡದಲ್ಲಿ ತೇವವಿದ್ದರೂ ಗಿಡ ಬಾಯಾರುತ್ತದೆ. ಉಪ್ಪು ತಾಗಿದ ಕೆಲವೇ ಸೆಕೆಂಡುಗಳಲ್ಲಿ ಬೇರಿನ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಏರುತ್ತದೆ, ಬಳಿಕ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಇವುಗಳ ಸೂಚನೆಯಂತೆ ಕೆಲವು ಗಂಟೆಗಳೊಳಗೆ ನೂರಾರು ಜೀನ್‌ಗಳ ಚಟುವಟಿಕೆ ಏರಿಳಿಯುತ್ತದೆ.

ನೀವು ಕೇಳಿದ ಪ್ರೋಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಗ್ಲುಟಮೇಟ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ಪ್ರೋಲಿನ್ ತಯಾರಿಸುವ ಮೊದಲ ಹಂತದ ಕಿಣ್ವ ಪಿ5ಸಿಎಸ್. ಉಪ್ಪು ತಾಗಿದೊಡನೆ ಅದರ ಜೀನ್ ಚುರುಕಾಗುತ್ತದೆ, ಪ್ರೋಲಿನನ್ನು ಒಡೆಯುವ ಕಿಣ್ವದ ಜೀನ್ ತಗ್ಗುತ್ತದೆ. ಹೀಗೆ ತಯಾರಿ ಹೆಚ್ಚಿ ಖರ್ಚು ಇಳಿದು, ಶೇಖರವಾದ ಪ್ರೋಲಿನ್ ಕೋಶದೊಳಗೆ ನೀರನ್ನು ಹಿಡಿದಿಡಲು ನೆರವಾಗುತ್ತದೆ. ಉಪ್ಪಿನ ಕಾಟ ಕಳೆದ ಮೇಲೆ ಇದೆಲ್ಲ ತಿರುಗುಮುರುಗಾಗಿ, ಕೂಡಿಟ್ಟ ಪ್ರೋಲಿನ್ ಶಕ್ತಿಗೂ ಸಾರಜನಕಕ್ಕೂ ಒದಗುತ್ತದೆ. ನನಗೆ ಅತ್ಯಂತ ಸೋಜಿಗವೆನಿಸುವುದು ಈ ಮಿತವ್ಯಯವೇ. ಬಾರ್ಲಿ ಮತ್ತು ಪಾಲಕ್ ಗ್ಲೈಸಿನ್ ಬೀಟೇನ್ ಎಂಬ ಇನ್ನೊಂದು ರಕ್ಷಕವನ್ನೂ ಕೂಡಿಡುತ್ತವೆ; ಭತ್ತಕ್ಕೆ ಆ ಸೌಲಭ್ಯವಿಲ್ಲ.

ಆದರೆ ಪ್ರೋಲಿನ್ ಒಂದನ್ನೇ ಅಳೆದು ತಳಿಯನ್ನು ಆರಿಸುವುದು ಸರಿಯಲ್ಲ. ಹೆಚ್ಚು ಘಾಸಿಗೊಂಡ ಸೂಕ್ಷ್ಮ ತಳಿಯಲ್ಲೇ ಅದು ಹೆಚ್ಚಾಗಿ ಕಾಣುವುದೂ ಉಂಟು. ಸೋಡಿಯಂ ಎಲೆಯನ್ನು ತಲುಪದಂತೆ ಗಿಡ ಎಷ್ಟು ತಡೆಯುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಭತ್ತ ಮತ್ತು ಗೋಧಿಯಲ್ಲಿ ಎಚ್‌ಕೆಟಿ1;5 ಎಂಬ ಜೀನ್ ತಯಾರಿಸುವ ಸಾಗಣೆ ಪ್ರೋಟೀನ್, ಮೇಲೇರುತ್ತಿರುವ ರಸದಿಂದ ಸೋಡಿಯಂ ಅನ್ನು ಬೇರಿನಲ್ಲೇ ಹಿಂದೆಗೆಯುತ್ತದೆ; ಎಸ್‌ಒಎಸ್1 ಎಂಬ ಇನ್ನೊಂದು ಸಾಗಣೆ ಪ್ರೋಟೀನ್ ಅದನ್ನು ಕೋಶದಿಂದ ಹೊರಗೆ ನೂಕುತ್ತದೆ, ಎನ್‌ಎಚ್‌ಎಕ್ಸ್ ಬಗೆಯವು ಕೋಶದೊಳಗಿನ ಚೀಲದಂಥ ರಸದಾನಿಯಲ್ಲಿ ಕೂಡಿಹಾಕುತ್ತವೆ. ಈ ದುಡಿಮೆಗೆಲ್ಲ ಶಕ್ತಿ ಬೇಕು, ಅದು ಬೆಳವಣಿಗೆಯ ಪಾಲಿನಿಂದಲೇ ಹೋಗುತ್ತದೆ. ಮಣ್ಣಿನಲ್ಲಿ ಉಪ್ಪೆಷ್ಟಿದೆ ಎಂಬುದನ್ನು ತೋರಿಸುವ ಅಳತೆಯಾದ ಮಣ್ಣಿನ ಸಾರದ ವಿದ್ಯುದ್ವಾಹಕತೆ ಮೀಟರಿಗೆ ಸುಮಾರು 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಕುಗ್ಗತೊಡಗುತ್ತದೆ. ಬಾರ್ಲಿ ಸುಮಾರು 8ರವರೆಗೆ ತಾಳುತ್ತದೆ.

ಆದ್ದರಿಂದ ತಳಿಗಳನ್ನು ಹೋಲಿಸುವಾಗ ಮೊದಲು ಹಳೆಯ ಎಲೆಗಳ ತುದಿಯನ್ನು ನೋಡಿ. ಸೋಡಿಯಂ ಹೆಚ್ಚು ದಿನ ಸೇರಿರುವುದು ಅಲ್ಲೇ, ತುದಿ ಸುಟ್ಟಂತೆ ಒಣಗುವುದೂ ಅಲ್ಲಿಂದಲೇ. ಎಲೆಯ ಸೋಡಿಯಂ, ಪೊಟ್ಯಾಸಿಯಂ ಅಳತೆ ಹಾಗೂ ಕಾಳಿನ ತೂಕದ ಜೊತೆಗಿಟ್ಟು ನೋಡಿದಾಗಲಷ್ಟೇ ಪ್ರೋಲಿನ್ ಅಂಕಿಗೆ ಅರ್ಥ ಬರುತ್ತದೆ.