ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಶಾಟ್‌ಗನ್ ಮನೆಗಳು ಅಷ್ಟು ಕಿರಿದಾಗಿರುವುದು ತೆರಿಗೆ ಉಳಿಸಲಿಕ್ಕಾ? ಅಲ್ಲಿ ಸಂಸಾರ ಮಾಡಲಿಕ್ಕೆ ಆಗುತ್ತಾ?

ತೆರಿಗೆ ಕಥೆ ಆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ರಸ್ತೆ ಕಡೆಯ ಅಗಲ ನೋಡಿ ತೆರಿಗೆ ಹಾಕುತ್ತಿದ್ದರು, ಅದಕ್ಕೇ ಜನ ಮನೆಯನ್ನು ಹಿಂದಕ್ಕೆ ಉದ್ದವಾಗಿ ಕಟ್ಟಿದರು ಅಂತ. ಕೇಳಲಿಕ್ಕೆ ಚೆನ್ನಾಗಿದೆ, ಆದರೆ ನಾನಂತೂ ನಂಬುವುದಿಲ್ಲ. ಅದೇ ಕಾರಣವಾಗಿದ್ದರೆ ಜಾಗಕ್ಕೆ ಬರವಿಲ್ಲದ ಮಿಸಿಸಿಪ್ಪಿ ರಾಜ್ಯದ ಹಳ್ಳಿಗಳಲ್ಲಿ ಇದೇ ಮನೆ ಯಾಕಿರಬೇಕು? 1935ರಲ್ಲಿ ಗಾಯಕ ಎಲ್ವಿಸ್ ಪ್ರೀಸ್ಲಿ ಹುಟ್ಟಿದ್ದೂ ಅದೇ ರಾಜ್ಯದ ಟುಪೆಲೋದ ಎರಡೇ ಕೋಣೆಯ ಶಾಟ್‌ಗನ್ ಮನೆಯಲ್ಲಿ.

ಮನೆ ಹೇಗಿರುತ್ತದೆ ಅಂದರೆ, ಅಗಲಕ್ಕೆ ಒಂದೇ ಕೋಣೆ, ಸುಮಾರು 12 ಅಡಿ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ರೈಲು ಬೋಗಿಗಳ ಹಾಗೆ. ನಡುವೆ ಓಡಾಡಲು ಓಣಿ ಇಲ್ಲ. ಮುಂದೆ ಪುಟ್ಟ ಜಗಲಿ, ಕೊನೆಯಲ್ಲಿ ಅಡುಗೆಮನೆ. ಮುಂಬಾಗಿಲಲ್ಲಿ ಗುಂಡು ಹಾರಿಸಿದರೆ ಯಾವುದಕ್ಕೂ ತಾಗದೆ ಹಿಂಬಾಗಿಲಿಂದ ಹೋಗುತ್ತದೆ ಅನ್ನುವ ಮಾತು ಇದರಿಂದಲೇ ಬಂದದ್ದು.

ಇನ್ನು ಮೂಲ. ಜಾನ್ ಮೈಕಲ್ ವ್ಲಾಕ್ ಎಂಬ ಜಾನಪದ ವಿದ್ವಾಂಸರು 1970ರ ದಶಕದಲ್ಲಿ ಇದರ ಬೆನ್ನು ಹತ್ತಿ ಹೈಟಿವರೆಗೆ ಹೋದರು. ಅಲ್ಲಿ ಇಂಥದ್ದೇ ಮನೆಗಳಿದ್ದವು. ಅವರ ವಾದ ಇಷ್ಟು: ಪಶ್ಚಿಮ ಆಫ್ರಿಕಾದಿಂದ, ಮುಖ್ಯವಾಗಿ ಯೊರುಬಾ ಸೀಮೆಯಿಂದ, ಗುಲಾಮರಾಗಿ ಬಂದವರು ತಮ್ಮ ಎರಡು ಕೋಣೆಯ ಮನೆಯ ಅಳತೆಯನ್ನು ಹೈಟಿಗೆ ತಂದರು. ಅಲ್ಲಿನ ಮೂಲನಿವಾಸಿಗಳ ಗುಡಿಸಲು, ಫ್ರೆಂಚರ ಮರಗೆಲಸ ಅದಕ್ಕೆ ಸೇರಿಕೊಂಡವು. 1791ರ ಗುಲಾಮರ ದಂಗೆಯ ನಂತರ ಎಷ್ಟೋ ಜನ ಹೈಟಿ ಬಿಟ್ಟು ಕ್ಯೂಬಾ ಸೇರಿದ್ದರು. 1809ರಲ್ಲಿ ಅಲ್ಲಿಂದಲೂ ಅವರನ್ನು ಓಡಿಸಿದಾಗ 9,000ಕ್ಕೂ ಹೆಚ್ಚು ಜನ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದರು. ಊರಿನ ಜನಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಅವರಲ್ಲಿ ಗುಲಾಮರಲ್ಲದ, ಸ್ವತಂತ್ರ ಕಪ್ಪು ಜನರೂ ಬೇಕಾದಷ್ಟಿದ್ದರು. ಇಲ್ಲ, ಇದು ಊರಿನ ಹಳೇ ಕ್ರಿಯೋಲ್ ಮನೆಯೇ (ಫ್ರೆಂಚ್, ಸ್ಪ್ಯಾನಿಷ್ ಆಳ್ವಿಕೆಯ ಕಾಲದಿಂದ ಅಲ್ಲಿ ನೆಲೆಸಿದವರ ಮನೆ) ಕಿರಿದಾದ ನಿವೇಶನಕ್ಕೆ ತಕ್ಕಂತೆ ಬದಲಾದದ್ದು ಅನ್ನುವವರೂ ಇದ್ದಾರೆ. ನಿವೇಶನದ ಅಗಲ 30 ಅಡಿ ಇರುವ ಕಡೆ ಅದೂ ಸುಳ್ಳೇನಲ್ಲ. ಆದರೆ ನನಗೆ ಹೈಟಿ ದಾರಿಯೇ ಸರಿ ಅನಿಸುತ್ತದೆ.

ಸಂಸಾರದ ವಿಷಯಕ್ಕೆ ಬಂದರೆ, ನಾನು ಅಲ್ಲಿ ಡಬಲ್ ಶಾಟ್‌ಗನ್ ಮನೆಯೊಂದರಲ್ಲಿ ಬಾಡಿಗೆಗಿದ್ದೆ. ಒಂದೇ ಸೂರಿನ ಕೆಳಗೆ ಅಕ್ಕಪಕ್ಕ ಎರಡು ಮನೆ, ನಡುವೆ ಒಂದು ಗೋಡೆ. ಆ ಕಡೆ ಓನರ್, ಈ ಕಡೆ ನಾವು. ಪಕ್ಕದವರ ಟಿವಿ ಫ್ರೀಯಾಗಿ ಕೇಳುತ್ತಿತ್ತು! ಚಾವಣಿ ತುಂಬಾ ಎತ್ತರ, ನೆಲವೂ ಇಟ್ಟಿಗೆ ಕಂಬಗಳ ಮೇಲೆ ಎತ್ತರದಲ್ಲಿತ್ತು. ಬಾಗಿಲುಗಳ ಮೇಲಿನ ಗಾಜಿನ ಕಿಂಡಿಯನ್ನು ಕಬ್ಬಿಣದ ಸರಳಿನಿಂದ ತಳ್ಳಿ ತೆರೆದರೆ ಬಿಸಿ ಗಾಳಿ ಮೇಲಿಂದ ಹೊರಟುಹೋಗುತ್ತಿತ್ತು. ಸೆಕೆಯ ಊರಿಗೆ ಹೇಳಿ ಮಾಡಿಸಿದ ಮನೆ. ಕಷ್ಟ ಒಂದೇ: ನೆಂಟರು ನೀರು ಕುಡಿಯಲು ಎದ್ದರೂ ನಮ್ಮ ಮಂಚ ದಾಟಿಯೇ ಅಡುಗೆಮನೆಗೆ ಹೋಗಬೇಕು.

ಇದಕ್ಕೇ ಕೆಲವರು ಹಿಂಭಾಗಕ್ಕೆ ಮಾತ್ರ ಮಹಡಿ ಏರಿಸಿಕೊಳ್ಳುತ್ತಾರೆ. ಅದನ್ನು ಕ್ಯಾಮೆಲ್‌ಬ್ಯಾಕ್ ಅನ್ನುತ್ತಾರೆ. ಈಗ ಕೊಳ್ಳುವವರು ಜಾಸ್ತಿ ಮಾಡುವುದು ಡಬಲ್‌ನ ನಡುಗೋಡೆ ಒಡೆದು ಒಂದೇ ಮನೆ ಮಾಡಿಕೊಳ್ಳುವುದು. ಅವರಿಗೆ ಜಾಗ ಸಿಗುತ್ತದೆ, ಊರಿಗೆ ಒಂದು ಬಾಡಿಗೆ ಮನೆ ಕಮ್ಮಿಯಾಗುತ್ತದೆ.