ರಕ್ತ ಸುಳ್ಳು, ಅಳು ನಿಜವಾದರೆ?

ಪ್ರಶ್ನೆ: ಗೆಳೆಯನೊಬ್ಬ ಕೊಟ್ಟ ಅಂಡರ್‌ಗ್ರೌಂಡ್ (ಥಿಯೇಟರಿಗೆ ಬಾರದೆ ಕೈಯಿಂದ ಕೈಗೆ ದಾಟುವ) ಹಾರರ್ ಸಿನಿಮಾ ನೋಡಿದೆ. ಕಥೆ ಅಂತ ಏನೂ ಇಲ್ಲ. ಒಬ್ಬ ಹುಡುಗಿ ಕುಡಿದು ತೊದಲುತ್ತಾಳೆ, ಅಳುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ. ಕೊಲೆ ಮೇಕಪ್ ಅಂತ ಗೊತ್ತಾಗುತ್ತೆ, ಆದರೆ ಉಳಿದದ್ದು ನಟನೆ ಅನ್ನಿಸಲಿಲ್ಲ. ನಡುನಡುವೆ ಅವಳು ಕ್ಯಾಮೆರಾ ಪಕ್ಕದಲ್ಲಿರುವ ಯಾರನ್ನೋ ನೋಡುತ್ತಾಳೆ. "ಅವಳು ಒಪ್ಪಿಯೇ ಮಾಡಿದ್ದಾಳೆ, ನಿನಗ್ಯಾಕೆ ಸಂಕಟ" ಅಂತಾನೆ ಗೆಳೆಯ. ಸರೀನಾ?
(ಹೆಸರು ಬೇಡ ಎಂದ ಓದುಗರು)

ಉತ್ತರ: ನಿಮ್ಮ ಹೆಸರಿನ ಜೊತೆ ಸಿನಿಮಾದ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ. ಹಾಕಿದರೆ ಹುಡುಕಿ ನೋಡುವವರೇ ಜಾಸ್ತಿ.

ನಿಮಗೆ ಸಂಕಟವಾದದ್ದು ಸಹಜ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪರದೆ ಮೇಲೆ ಎಷ್ಟು ರಕ್ತ ಹರಿಯಿತು ಅನ್ನೋದನ್ನು ನೋಡಿ, ಕಲಾವಿದರನ್ನು ಹೇಗೆ ನಡೆಸಿಕೊಂಡರು ಅಂತ ಹೇಳೋಕೆ ಆಗಲ್ಲ. ಜಪಾನಿನ 'ಗಿನಿ ಪಿಗ್' ಸರಣಿಯಲ್ಲಿ 1985ರಲ್ಲಿ ಒಂದು ಚಿತ್ರ ಬಂತು, ಮಾಂಗಾ ಅಂದರೆ ಜಪಾನಿ ಕಾಮಿಕ್ಸ್ ಕಲಾವಿದ ಹಿಡೇಶಿ ಹಿನೊ ಮಾಡಿದ್ದು. ಹೆಣ್ಣೊಬ್ಬಳನ್ನು ತುಂಡು ತುಂಡು ಮಾಡುವುದೇ ಅದರ ಕಥೆ. 1991ರಲ್ಲಿ ಹಾಲಿವುಡ್ ನಟ ಚಾರ್ಲಿ ಶೀನ್ ಅದನ್ನು ನೋಡಿ, ಇದು ನಿಜವಾದ ಕೊಲೆ ಅಂತ ನಂಬಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಎಲ್ಲವೂ ಮೇಕಪ್ ಕೈಚಳಕ ಅಂತ ತಿಳಿಯಿತು, ಹೇಗೆ ಮಾಡಿದರು ಅಂತ ತೋರಿಸುವ ವಿಡಿಯೊ ಕೂಡ ಇತ್ತು.

ಈಗ ಇನ್ನೊಂದು ಕಡೆ ನೋಡಿ. 1972ರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ಹಾರರ್ ಚಿತ್ರವೇ ಅಲ್ಲ, ದೊಡ್ಡ ನಿರ್ದೇಶಕ, ದೊಡ್ಡ ನಟ, ಆಸ್ಕರ್ ನಾಮನಿರ್ದೇಶನ ಬೇರೆ. ನಾಯಕಿ ಮರಿಯಾ ಶ್ನೈಡರ್‌ಗೆ ಆಗ 19 ವರ್ಷ. ಬಲಾತ್ಕಾರದ ದೃಶ್ಯದಲ್ಲಿ ಬೆಣ್ಣೆ ಬಳಸುವುದು ಅಂತ ನಿರ್ದೇಶಕ ಬರ್ಟೊಲುಚ್ಚಿ ಮತ್ತು ಮಾರ್ಲನ್ ಬ್ರಾಂಡೊ ಅವತ್ತು ಬೆಳಿಗ್ಗೆ ತಮ್ಮಲ್ಲೇ ಮಾತಾಡಿಕೊಂಡರು, ಅವಳಿಗೆ ಮಾತ್ರ ಮೊದಲೇ ತಿಳಿಸಲಿಲ್ಲ. ಅವಳ ಅವಮಾನ ನಟನೆಯಾಗದೆ ನಿಜವೇ ಆಗಿರಬೇಕಿತ್ತು ಅಂತ ಬರ್ಟೊಲುಚ್ಚಿಯೇ 2013ರಲ್ಲಿ ಹೇಳಿಕೊಂಡರು. ಅಷ್ಟು ಹೊತ್ತಿಗೆ ಶ್ನೈಡರ್ ತೀರಿಕೊಂಡು ಎರಡು ವರ್ಷವಾಗಿತ್ತು. ಸಂಭೋಗ ನಟನೆಯೇ ಆಗಿತ್ತು, ತನ್ನ ಕಣ್ಣೀರು ಮಾತ್ರ ನಿಜ ಅಂತ ಆಕೆ ಹೇಳಿದ್ದರು. ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಮಾಡಿಸೋಕೆ ಬರಲ್ಲ, ಅವತ್ತೇ ಏಜೆಂಟನ್ನೋ ವಕೀಲರನ್ನೋ ಕರೆಸಬೇಕಿತ್ತು, ಅದು ಆಗ ಗೊತ್ತಿರಲಿಲ್ಲ ಅಂತಲೂ ಹೇಳಿದ್ದರು.

ನಿಮ್ಮ ಗೆಳೆಯನಿಗೆ ನಾನು ಹೇಳೋದು ಇಲ್ಲೇ ಇದೆ. ಶ್ನೈಡರ್ ಕೂಡ ಒಪ್ಪಂದಕ್ಕೆ ಸಹಿ ಹಾಕಿದ್ದವರೇ ಅಲ್ವಾ? ಯಾವುದಕ್ಕೆ ಒಪ್ಪಿದ್ದು, ಮೊದಲೇ ಏನು ಹೇಳಿದ್ದರು, ನಡುವೆ "ಸಾಕು" ಅಂದರೆ ಕ್ಯಾಮೆರಾ ನಿಲ್ಲುತ್ತಿತ್ತಾ, ಇಷ್ಟು ಕೇಳಬೇಕು. ದೊಡ್ಡ ಸೆಟ್‌ನಲ್ಲಿ ಸುತ್ತ ಜನ ಇದ್ದೂ ಆಕೆಗೆ ಹಾಗಾಯಿತು. ಅಂಡರ್‌ಗ್ರೌಂಡ್ ಸಿನಿಮಾದಲ್ಲಿ ನಿರ್ದೇಶಕನೇ ಕ್ಯಾಮೆರಾ ಹಿಡಿದಿರುತ್ತಾನೆ, ದುಡ್ಡು ಹಾಕಿದವನೂ ಅವನೇ, ಎಷ್ಟೋ ಸಲ ನಟಿ ಅವನ ಗೆಳತಿ. ಯೂನಿಯನ್ ಇಲ್ಲ, ದೂರು ಕೊಡೋಣ ಅಂದರೆ ಕೇಳುವವರು ಯಾರು? ಅದರ ಮೇಲೆ ನೀವು ನೋಡಿದ ಹುಡುಗಿ ನಿಜವಾಗಿಯೂ ಕುಡಿದಿದ್ದರೆ, ಆ ಹೊತ್ತಿನಲ್ಲಿ ಅವಳು "ಹೂಂ" ಅಂದದ್ದಕ್ಕೆ ಬೆಲೆಯೇ ಇಲ್ಲ. ಬೆಳಿಗ್ಗೆ ಸಹಿ ಹಾಕಿದ ಕಾಗದ ರಾತ್ರಿಯ ಎಲ್ಲದಕ್ಕೂ ಪರವಾನಗಿ ಆಗಲ್ಲ.

ಆ ಹುಡುಗಿ ಕ್ಯಾಮೆರಾ ಪಕ್ಕಕ್ಕೆ ನೋಡಿದ್ದನ್ನು ನೀವು ಗಮನಿಸಿದಿರಲ್ಲ, ಒಳ್ಳೆ ಕಣ್ಣು. ಆದರೆ ಅಷ್ಟರಿಂದಲೇ ತೀರ್ಪು ಕೊಡಬೇಡಿ, ಹೊಸ ನಟರು ಮುಂದೇನು ಅಂತ ಕೇಳೋಕೂ ಹಾಗೆ ನೋಡ್ತಾರೆ. ಅವಳು ಆಮೇಲೆ ಆ ಸಿನಿಮಾ ಬಗ್ಗೆ ತಾನೇ ಎಲ್ಲಾದರೂ ಮಾತಾಡಿದ್ದಾಳಾ ಅಂತ ಹುಡುಕಿ. ಬರೀ ನಿರ್ದೇಶಕನೇ "ಅವಳು ಖುಷಿಯಿಂದ ಮಾಡಿದಳು" ಅಂತಿದ್ದರೆ ನಾನಂತೂ ನಂಬಲ್ಲ. ಅವಳ ಮಾತು ಸಿಗುವ ತನಕ ಆ ಫೈಲನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಪ್ರಶ್ನೆ: ದುಡ್ಡು ತಗೊಂಡಿದ್ದಾರಲ್ಲ, ಆಮೇಲೆ ದೂರೋದು ಯಾಕೆ?

ಉತ್ತರ: ಸಂಬಳ ಕೆಲಸಕ್ಕೆ ಕೊಡೋದು. ಹೇಳದೇ ಮಾಡಿದ್ದಕ್ಕಲ್ಲ.

ಪ್ರಶ್ನೆ: ಹೀಗೆಲ್ಲಾ ನಿಯಮ ಹಾಕಿದರೆ ಅಭಿನಯದಲ್ಲಿ ಜೀವ ಇರುತ್ತಾ? ಭಯ ನಿಜವಾಗಿದ್ದರೇ ಅಲ್ವಾ ನಮಗೂ ಭಯ ಆಗೋದು?

ಉತ್ತರ: ಈ ಮಾತನ್ನು ನಿರ್ದೇಶಕರು ಹೇಳೋದು ಜಾಸ್ತಿ, ನಟರು ಹೇಳೋದು ಕಡಿಮೆ. ಅಂದಹಾಗೆ, ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ 2018ರಿಂದ ಲೈಂಗಿಕ ದೃಶ್ಯಗಳಿಗೆ ಇಂಟಿಮೆಸಿ ಕೋಆರ್ಡಿನೇಟರ್ ಇಟ್ಟುಕೊಂಡಿದೆ. ಯಾರು ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಅಂತ ಮೊದಲೇ ಮಾತಾಡಿ, ಹೊಡೆದಾಟದ ದೃಶ್ಯದ ಹಾಗೆ ಅಭ್ಯಾಸ ಮಾಡಿಸುವುದು ಇವರ ಕೆಲಸ. ಅದರಿಂದ ನೋಡುಗರೇನೂ ಕಡಿಮೆಯಾಗಿಲ್ಲ.

ಇನ್ನು ಭಯದ ಮಾತು. ಇಟಲಿಯ ರುಜೆರೊ ದೆವೊದಾತೊ 1980ರಲ್ಲಿ 'ಕ್ಯಾನಿಬಲ್ ಹಾಲೊಕಾಸ್ಟ್' ಮಾಡಿದರು, ಕೊಲಂಬಿಯಾದ ಕಾಡಿನಲ್ಲಿ. ಅದರಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ. ಒಂದು ದೃಶ್ಯಕ್ಕೆ ಎರಡು ಕೋತಿ, ಯಾಕಂದರೆ ಶಾಟ್ ಎರಡು ಸಲ ತೆಗೆದರು. ಆಮೆ ಕೊಂದ ಮೇಲೆ ನಟರಲ್ಲೊಬ್ಬರು ಅತ್ತರು. ಅದನ್ನು ನಾನು ಯಾವತ್ತೂ ಸಮರ್ಥಿಸಲ್ಲ. ಆದರೆ ಇವತ್ತಿಗೂ ಜನ ನೆನಪಿಟ್ಟುಕೊಂಡಿರುವ ದೃಶ್ಯ ಬೇರೆ, ಕಂಬಕ್ಕೆ ಚುಚ್ಚಿಸಿದ ಹುಡುಗಿಯದ್ದು. ನಟರು ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದು ಅಂತ ಒಪ್ಪಂದ ಬರೆಸಿಕೊಂಡಿದ್ದರಿಂದ, ನಿರ್ದೇಶಕ ಇವರನ್ನೆಲ್ಲ ಕೊಂದೇಬಿಟ್ಟನಾ ಅನ್ನೋ ಅನುಮಾನ ಹುಟ್ಟಿ ಇಟಲಿಯಲ್ಲಿ ಕೇಸಾಯಿತು. ದೆವೊದಾತೊ ನಟರನ್ನು ಹುಡುಕಿ ತಂದು, ಜೀವಂತ ಇದ್ದಾರೆ ನೋಡಿ ಅಂತ ತೋರಿಸಬೇಕಾಯಿತು. ಕಂಬದ ದೃಶ್ಯ ಹೇಗೆ ಮಾಡಿದ್ದು ಅಂತಲೂ ವಿವರಿಸಬೇಕಾಯಿತು. ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟು ಹಾಕಿ ಹುಡುಗಿಯನ್ನು ಕೂರಿಸಿದ್ದರು, ಹಗುರವಾದ ಬಾಲ್ಸಾ ಮರದ ತುಂಡೊಂದನ್ನು ಅವಳು ಬಾಯಲ್ಲಿ ಕಚ್ಚಿ ಮೇಲಕ್ಕೆ ನೋಡುತ್ತಿದ್ದಳು. ಅಷ್ಟೇ.